ಆಲಿಕೆ ಇಲ್ಲದೆ

ಕುತಾಯಿಸಿಯ ನಮ್ಮ ಓಣಿಯಲ್ಲಿ ಭಾನುವಾರ
ಬಾನೆಟ್ ಎತ್ತಿದರೆ ಸಾಕು, ಐದು ಕಿಟಕಿ ತೆರೆಯುತ್ತವೆ.
ಅದಕ್ಕೇ ಹಿಂದಿನ ರಾತ್ರಿಯೇ ಕಾರನ್ನು
ದಾಳಿಂಬೆ ಗಿಡದ ಮರೆಗೆ ತಂದು ನಿಲ್ಲಿಸಿದ್ದೆ.
ಬೆಳಗಿನತನಕ ಎಂಜಿನ್ ಆರಲಿ.
ಬಿಸಿ ಲೋಹದ ಮೇಲೆ ಎಣ್ಣೆ ಒರೆಸಹೋದವರ ಮೊಣಕೈ
ಹೇಗಿರುತ್ತದೆಂದು ಅಪ್ಪನನ್ನು ನೋಡಿ ಬಲ್ಲೆ.

ಚೆಲ್ಲಿದ್ದು ಅಪ್ಪನೇ.
ಮೂವತ್ತೊಂದು ವರ್ಷ ಲಾರಿ ಕಾರ್ಖಾನೆಯಲ್ಲಿ
ನಟ್ಟಿನ ಅಳತೆಯನ್ನು ಬೆರಳಲ್ಲೇ ಹೇಳುತ್ತಿದ್ದ ಅವ್ತಂದಿಲ್.
ಈಗ ಚಹದ ಲೋಟ ತುಟಿ ಮುಟ್ಟುವಷ್ಟರಲ್ಲಿ
ಅರ್ಧ ಮೇಜಿಗೆ, ಅರ್ಧ ಅಂಗಿಗೆ.
ಮೊನ್ನೆ ನಾನಿಲ್ಲದಾಗ ಆಯಿಲ್ ಹಾಕಿದ್ದಾನೆ, ಕೂಲೆಂಟೂ.
ಕೇಳಿದರೆ,
"ನಾನಾ? ಇಲ್ಲಮ್ಮ. ಗ್ಯಾಸ್ಕೆಟ್ ಹೋಗಿರಬೇಕು."

ಮೊದಲು ನೆಲ.
ಹಸಿರು ಹನಿ ನೋಡಲು ಶರಬತ್ತು, ರುಚಿಯೂ ಸಿಹಿಯಂತೆ.
ಗುಲಿಕೋಳ ನಾಯಿ ಮೂಗು ಚಾಚಿಕೊಂಡು ಬಂದೇಬಿಟ್ಟಿತು.
ಹೋಗೇ ಬೊಂಬೋರಾ, ಇದನ್ನು ನೆಕ್ಕಿದರೆ
ನಿನ್ನ ಕಿಡ್ನಿ ನಾಳೆಗಿಲ್ಲ.
ಬೆಕ್ಕಿನ ಮರಳು ಸುರಿದು, ಹೀರಲು ಬಿಟ್ಟು, ಗುಡಿಸಿ
ಚೀಲಕ್ಕೆ ತುಂಬಿ ಎರಡು ಗಂಟು ಹಾಕಿದೆ.
ಚರಂಡಿಗೆ ಬಿಟ್ಟರೆ ರಿಯೋನಿ ನದಿಗೆ,
ರಿಯೋನಿಯ ಮೀನು ಮತ್ತೆ ನಮ್ಮ ತಟ್ಟೆಗೆ.

ಅಷ್ಟರಲ್ಲಿ ಅಪ್ಪ ಕುರ್ಚಿ ಎಳೆದುಕೊಂಡು ಬಂದ.
"ನೆಗೆಟಿವ್ ಬಿಚ್ಚಿದೆಯಾ?"
ಬಿಚ್ಚಿದೆ.
"ಮೊದಲು ನೆಗೆಟಿವ್, ಆಮೇಲೆ..."
ಗೊತ್ತಪ್ಪ.
"ಗೊತ್ತಿದ್ದರೆ ಆಲ್ಟರ್ನೇಟರ್ ಯಾಕೆ ಬೆತ್ತಲೆ ನಿಂತಿದೆ?"
ಬ್ರೆಡ್ಡಿನ ಪ್ಲಾಸ್ಟಿಕ್ ಚೀಲ ಹುಡುಕಿ ತಂದು,
ಮಳೆಗೆ ಹೊರಟ ಮಗುವಿಗೆ ಕುಲಾವಿ ಕಟ್ಟುವ ಹಾಗೆ, ಕಟ್ಟಿದೆ.
ಫ್ಯೂಸಿನ ಡಬ್ಬಿಗೆ ಇನ್ನೊಂದು.

ನೀರಿನ ಪೈಪಿಗೆ ಕೈ ಹಾಕಿದೆ.
"ಬೆಂಕಿ ಬಿದ್ದಿದೆಯೇನು? ಒರೆಸು.
ನಾವು ಪೆಟ್ರೋಲಿನಲ್ಲೇ ತೊಳೆಯುತ್ತಿದ್ದೆವು.
ಶಾಲ್ವಾನ ಹುಬ್ಬು ಹೋದದ್ದೂ ಹಾಗೇ.
ನೀನು ಆ ಸೋಪಿನದನ್ನೇ ಹಚ್ಚು."

ಹಚ್ಚಿ, ಹತ್ತು ನಿಮಿಷ ಕಾದು,
ಹಳೆಯ ಹಲ್ಲಿನ ಬ್ರಷ್ಷಿನಿಂದ ಸಂದಿ ಸಂದಿ ಉಜ್ಜಿದೆ.
ಕೊಳೆಗೂ ವಯಸ್ಸಿದೆ.
ಮೇಲಿನದು ಈ ವಾರದ್ದು,
ಜೇನಿನ ಹಾಗೆ ಸಲೀಸಾಗಿ ಬಟ್ಟೆಗೆ ಬರುತ್ತದೆ.
ಅದರಡಿ ಧೂಳು ಕುಡಿದು ದಪ್ಪಗಾದ ಕಪ್ಪು.
ಅದರಡಿ, ಎಗ್ಸಾಸ್ಟಿನ ಪಕ್ಕ,
ಸುಟ್ಟು ಕಂದಿ ಲೋಹಕ್ಕೇ ಹತ್ತಿಕೊಂಡ ಒಂದು ಬಳ್ಳಿ.

ಕೈ ನಿಂತಿತು.
ಇದು ಅಪ್ಪನದಲ್ಲ.
ನಾಲ್ಕು ಚಳಿಗಾಲದ ಹಿಂದೆ
ಜೆಸ್ತಪೋನಿಯ ಪೆಟ್ರೋಲ್ ಬಂಕಿನಲ್ಲಿ, ಹಿಮ ಬೀಳುವಾಗ,
ಆಲಿಕೆ ಇಲ್ಲದೆ ಸುರಿದವಳು ನಾನು.
ಏನೋ ಸುಟ್ಟ ವಾಸನೆ, ಎಂದು ಅಪ್ಪ ಮೂಗೆಳೆದಾಗ
"ಗ್ಯಾಸ್ಕೆಟ್ ಇರಬೇಕು" ಎಂದಿದ್ದೆ.
ಆಗಿನ್ನೂ ಗಟ್ಟಿಯಿದ್ದವು ಆ ಕೈ.
ಎರಡು ದಿನ ಬಿಚ್ಚಿದ, ಬದಲಿಸಿದ, ಜೋಡಿಸಿದ.
"ಹಳೆಯದೂ ಚೆನ್ನಾಗೇ ಇತ್ತು" ಎಂದ, ಅಷ್ಟೇ.

ಈಗ ಕುರ್ಚಿಯಿಂದಲೇ ಕತ್ತು ಚಾಚಿದ.
"ಅದು ಹೋಗಲ್ಲ ಬಿಡು. ಹಳೇದು."
ಯಾರದೆಂದು ಕೇಳಲಿಲ್ಲ.

ಎಣ್ಣೆ ಬಟ್ಟೆಗಳನ್ನು ಮುದ್ದೆ ಮಾಡಲು ಬಿಡಲಿಲ್ಲ;
ಒಂದೊಂದಾಗಿ ಬೇಲಿಗೆ ಹರವಿಸಿದ.
ಚೀಲಗಳು ಕಳಚಿದವು. ಬಿಸಿಲು ಸಂದಿಗಳಿಗೆ ಇಳಿಯಿತು.
ಸಂಜೆ, ನೆಗೆಟಿವ್ ಕೊನೆಗೆ ಸಿಕ್ಕಿಸಿದ ಮೇಲೆ,
ಕಡಿಮೆಯಿದ್ದ ಆಯಿಲ್ ಸುರಿಯಬೇಕಿತ್ತು.
ಆಲಿಕೆ ಹಿಡಿದವನು ಅವನು, ಎರಡೂ ಕೈಯಲ್ಲಿ.
ಅದು ನಡುಗಿದತ್ತ
ಡಬ್ಬಿಯನ್ನೂ ಸರಿಸುತ್ತ ಸುರಿದೆ.
ಒಂದೆರಡು ಹನಿ ಹೊರಗೆ ಬಿತ್ತು.
ಬಟ್ಟೆ ಅವನ ಹೆಗಲ ಮೇಲೆಯೇ ಇತ್ತು.