ಎರಡು ಬೆರಳು ಎಡಕ್ಕೆ

ಬಾಣಾವರದ ನಮ್ಮ ಶಾಲೆಯ ಏಳನೇ ತರಗತಿಗೆ
ಕೊಬ್ಬರಿ ಮಂಡಿಯವರು ಕೊಟ್ಟ ಸ್ಮಾರ್ಟ್ ಬೋರ್ಡು
ಮುಟ್ಟಿದಲ್ಲಿ ಮೂಡುವುದಿಲ್ಲ.
ಎರಡು ಬೆರಳು ಎಡಕ್ಕೆ ಮೂಡುತ್ತದೆ.

ಜೂನ್ ತಿಂಗಳಲ್ಲಿ ಸರಿಯಿತ್ತು.
ಚೌಕಟ್ಟಿಗೆ ಅರಿಶಿನ ಹಚ್ಚಿ,
ದಾನಿಗಳ ಹೆಸರನ್ನು ಪಾಠಕ್ಕಿಂತ ದಪ್ಪ ಅಕ್ಷರದಲ್ಲಿ ಬರೆಸಿ,
ಬಂದ ಸಾಹೇಬರು ಬೆರಳಲ್ಲಿ ಒಂದು ‘ಶ್ರೀ’ ಎಳೆದರೆ
ಉಗುರಿನ ತುದಿಗೇ ಬೆಳಕಾಗಿ ಬಂತು ಶ್ರೀ.
ಮಕ್ಕಳು ಚಪ್ಪಾಳೆ ಮರೆತು ನಿಂತರು.

ಆಮೇಲೆ ರೈಲು.
ಕಾಂಪೌಂಡಿನಾಚೆಗೇ ಹಳಿ.
ಒಂದೊಂದು ಗಾಡಿಗೂ ಗೋಡೆ ಸಣ್ಣಗೆ ನಡುಗಿ
ಮೇಲೆ ತೂಗಿದ ಪ್ರೊಜೆಕ್ಟರು
ಕೂದಲೆಳೆಯಷ್ಟು, ಮತ್ತೊಂದು ಕೂದಲೆಳೆಯಷ್ಟು ಜರುಗುತ್ತ
ಗೌರಿ ಹಬ್ಬದ ರಜೆ ಮುಗಿಸಿ ಬರುವಷ್ಟರಲ್ಲಿ
ಬೆರಳು ಒಂದು ಕಡೆ, ಅಕ್ಷರ ಒಂದು ಕಡೆ.

ಹಾಸನಕ್ಕೆ ಫೋನು ಮಾಡಿದೆ.
‘ನಾಳೆ ಬರ್ತೀವಿ ಮೇಡಂ’ ಎಂದರಲ್ಲ,
ಆ ನಾಳೆಗೆ ಮೂರು ತಿಂಗಳು ತುಂಬಿತು.

ಅಷ್ಟರಲ್ಲಿ ಮಕ್ಕಳು ಕಲಿತುಬಿಟ್ಟರು.
ಕರ್ನಾಟಕದ ನಕ್ಷೆ ಬಂದರೆ ಕಲ್ಲೇಶ
ಹಾಸನ ಬೇಕಾದಾಗ ಚನ್ನರಾಯಪಟ್ಟಣ ಒತ್ತುತ್ತಾನೆ.
ತಸ್ಮಿಯಾ, ಉತ್ತರ ‘ಬಿ’ ಎಂದು ಗೊತ್ತಿದ್ದೇ
‘ಸಿ’ ಮುಟ್ಟುತ್ತಾಳೆ; ಬೋರ್ಡು ‘ಶಭಾಷ್’ ಅನ್ನುತ್ತದೆ.
ಕವಣೆ ಹಿಡಿದವರು ಹಾರುವ ಹಕ್ಕಿಗೆ ಗುರಿ ಇಡುವುದಿಲ್ಲ,
ಅದರ ಮುಂದಿನ ಗಾಳಿಗೆ ಇಡುತ್ತಾರೆ.
ಇದನ್ನು ನಾನು ಹೇಳಿಕೊಟ್ಟಿರಲಿಲ್ಲ.

ನನಗೂ ಅಂಟಿತು.
ಒಂದು ಬೆಳಿಗ್ಗೆ ಕನ್ನಡಿಯ ಮುಂದೆ ಅವಸರದಲ್ಲಿ
ಹಣೆಯ ಸ್ಟಿಕ್ಕರನ್ನು ಬಲಹುಬ್ಬಿನ ಮೇಲೆ ಇಟ್ಟುಕೊಂಡು
ಅರಸೀಕೆರೆ ಸ್ಟೇಷನ್ನಿನವರೆಗೂ ನಡೆದಿದ್ದೆ.
ಟಿಕೆಟ್ ಕೊಡುವವಳು ಮಾತಾಡದೆ
ತನ್ನ ಹಣೆ ಮುಟ್ಟಿ ತೋರಿಸಿದಳು.

ಇಪ್ಪತ್ತೆರಡು ವರ್ಷ ಸೀಮೆಸುಣ್ಣ ಹಿಡಿದವಳು ನಾನು.
ಕರಿಹಲಗೆ ಎಂದೂ ಇಂಥ ಮೋಸ ಮಾಡಲಿಲ್ಲ
ಎಂದು ಸ್ಟಾಫ್ ರೂಮಿನಲ್ಲಿ ಗೊಣಗಿದೆ.
ಗೊಣಗಿದ ಮೇಲೆ ಯೋಚನೆ ಬಂತು.
ಗದರಿದ್ದು ಕಲ್ಲೇಶನನ್ನು,
ಅತ್ತದ್ದು ಪಕ್ಕದಲ್ಲಿದ್ದ ಚಂದನ.
ಸರಳ ಬಡ್ಡಿ ಹೇಳಿಕೊಟ್ಟೆ, ಎರಡು ವಾರ;
ಹಿಂದಿನ ಬೆಂಚಿನ ನಾಗವೇಣಿ ಕಲಿತದ್ದು
ಸಿಟ್ಟು ಬಂದಾಗ ನಾನು ಬಳೆಯನ್ನು ಹೇಗೆ
ಮೊಣಕೈಗೆ ಏರಿಸಿಕೊಳ್ಳುತ್ತೇನೆ ಎಂಬುದನ್ನು.
ಹೋದ ವರ್ಷ ತಿಪಟೂರು ಬಸ್ಸಿನಲ್ಲಿ ಕಂಡಕ್ಟರೊಬ್ಬ
ನನ್ನ ದುಡ್ಡು ವಾಪಸು ಕೊಟ್ಟು,
‘ಮೇಡಂ, ಅವತ್ತು ನೀವು ಅಂದ ಮಾತು
ಇವತ್ತಿಗೂ ಇಟ್ಕೊಂಡಿದೀನಿ’ ಅಂದ.
ಮಾತು ನನ್ನದೇ. ನೆನಪಿದೆ.
ಅಂದದ್ದು ಅವನಿಗಲ್ಲ,
ಅವನ ಮುಂದೆ ಕೂತವನಿಗೆ.

ಮೊನ್ನೆ ಬುಧವಾರ ಕೊನೆಗೂ ಬಂದ,
ಹಾಸನದ ಹುಡುಗ, ಬೆನ್ನಿಗೆ ಚೀಲ, ಊಟದ ಹೊತ್ತಿಗೆ.
ಬೆಳ್ಳನೆಯ ಬೋರ್ಡಿನ ಮೇಲೆ ಒಂಬತ್ತು ಕಡೆ
ಕೂಡಿಸುವ ಚಿಹ್ನೆ ಮೂಡಿಸಿ
ಒಂದೊಂದರ ನಟ್ಟನಡುವನ್ನೂ ಪೆನ್ನಿಂದ ಮುಟ್ಟಿದ.
‘ಆಯ್ತು ಮೇಡಂ. ಇಷ್ಟೇ. ಇಲ್ಲೊಂದು ಸಹಿ ಹಾಕಿ.’

ತಸ್ಮಿಯಾಳನ್ನು ಕರೆದೆ.
ಬಿ ಎಂದು ಗೊತ್ತಿತ್ತು ಅವಳಿಗೆ.
ಸಿ ಮುಟ್ಟಿದಳು.
ಸಿ ಬಂತು, ಕೆಂಪಾಗಿ. ‘ಮತ್ತೆ ಪ್ರಯತ್ನಿಸಿ.’
ಹಾಸನದ ಹುಡುಗ ನಕ್ಕ.
ತರಗತಿಯಲ್ಲಿ ಬೇರೆ ಯಾರೂ ನಗಲಿಲ್ಲ.
ಅವಳು ಬೆರಳನ್ನು ತಿರುಗಿಸಿ ಮುರುಗಿಸಿ ನೋಡಿಕೊಂಡಳು,
ಪಕ್ಕದ ಮನೆಯವರ ಚಪ್ಪಲಿ ಮೆಟ್ಟಿ ಬಂದವಳ ಹಾಗೆ.

ಎರಡೂ ನಲವತ್ತರ ಗಾಡಿ ಬಂತು.
ಕಿಟಕಿಯ ಸರಳು, ಡಬ್ಬಿಯೊಳಗಿನ ಕಂಪಾಸು,
ಹಾಜರಿ ಪುಸ್ತಕದ ಮೇಲಿನ ನನ್ನ ಕನ್ನಡಕ,
ಎಲ್ಲ ಸಣ್ಣಗೆ ಸದ್ದು ಮಾಡಿದವು.
ಹತ್ತೊಂಬತ್ತು ತಲೆಗಳೂ ಒಟ್ಟಿಗೆ
ಪ್ರೊಜೆಕ್ಟರಿನತ್ತ ಎದ್ದವು.

ಕಲ್ಲೇಶ, ನನಗೆ ಕೇಳಿಸಬಾರದೆಂದು ಬಗ್ಗಿ, ತಸ್ಮಿಯಾಳಿಗೆ:
‘ಶಿವರಾತ್ರಿ ಹೊತ್ಗೆ ಸರಿಹೋಗ್ತದೆ, ಬಿಡೇ.’