ಕೊಸರು

ವಿಶಾಲಾಕ್ಷಿ ಮೇಡಂ ಪಟ್ಟಿ ಓದುವಾಗ
ಉಪಗ್ರಹ ಕೇಂದ್ರಕ್ಕೆ ಹೋಗುವವರು ಆಗಲೇ ಎದ್ದು ನಿಂತಿದ್ದರು.
ಡೈರಿ ಲ್ಯಾಬಿಗೆ ಮೂವರು, ದೊಡ್ಡಾಸ್ಪತ್ರೆಯ ಎಕ್ಸ್‌ರೇಗೆ ಇಬ್ಬರು.
ಕೊನೆಗೆ ಉಳಿದದ್ದು ನಾನು, ಮತ್ತೆ
ಕಟ್ಟಿನಕೆರೆ ಮಾರ್ಕೆಟ್ಟಿನ ಹಿಂದೆ
ಖಲಂದರ್ ಸಾಬರ ತಕ್ಕಡಿ ರಿಪೇರಿ ಅಂಗಡಿ.
"ಅದೂ ಭೌತಶಾಸ್ತ್ರವೇ, ಬಿಂದುಶ್ರೀ" ಎಂದರು ಮೇಡಂ,
ನನ್ನ ಮುಖ ನೋಡದೆ.
ನೂರಿಪ್ಪತ್ತು ಗಂಟೆ. ಎರಡು ಕ್ರೆಡಿಟ್.

ಮೊದಲ ವಾರ ಬರೀ ತುಕ್ಕು ಉಜ್ಜಿದೆ.
ಲಾಗ್ ಪುಸ್ತಕದ 'ಇಂದು ಕಲಿತದ್ದು' ಕಾಲಮ್ಮಿನಲ್ಲಿ
ತುಕ್ಕು, ತುಕ್ಕು, ಶನಿವಾರ ಅರ್ಧ ದಿನ ತುಕ್ಕು.
ಆಮೇಲೊಂದು ಬೆಳಿಗ್ಗೆ ಸಾಬರು
ಒಂದು ಕಿಲೊ ಬಟ್ಟನ್ನು ಬೋರಲು ಹಾಕಿ ತೋರಿಸಿದರು:
ಕಬ್ಬಿಣದ ಹೊಟ್ಟೆಯಲ್ಲೊಂದು ಗುಳಿ,
ಗುಳಿಯ ತುಂಬ ಸೀಸ,
ಸೀಸದ ಮೇಲೆ ಇನ್‌ಸ್ಪೆಕ್ಟರ್ ಹೊಡೆದ ಸರ್ಕಾರದ ಮುದ್ರೆ.
"ಕಬ್ಬಿಣ ಸುಳ್ಳು ಹೇಳಲ್ಲಮ್ಮ, ಸವೀತದೆ ಅಷ್ಟೆ.
ಸವೆದಷ್ಟು ಸೀಸ ಕುಡಿಸಬೇಕು."

'ಮಾಪನದಲ್ಲಿ ದೋಷಗಳು' ಎಂದು ಎರಡು ವರ್ಷ
ರೆಕಾರ್ಡಿನಲ್ಲಿ ಬರೆದು ಅಂಕ ಪಡೆದವಳು ನಾನು.
ದೋಷಕ್ಕೆ ಕೈಕಾಲು ಬಂದು
ಎಲೆಅಡಿಕೆ ಜಗಿಯುತ್ತ
ಅಂಗಡಿಯ ಮೆಟ್ಟಿಲು ಹತ್ತಿದ್ದನ್ನು ನೋಡಿದ್ದು
ಮೂರನೇ ವಾರ, ಮಂಗಳವಾರ.

ಆಲೂಗಡ್ಡೆ ಮಾರುವ ಜವರಮ್ಮ
ಸೆರಗಿನಿಂದ ಬಟ್ಟು ಬಿಚ್ಚಿ ಮುಂದಿಟ್ಟಳು.
"ದಂಡ ಆಕ್ತೀನಿ ಅಂತ ಎದರಿಸವ್ನೆ ಸಾಬ್ರೆ, ನೋಡಿ ಒಸಿ."
ತೂಗಿದೆ. ತಕ್ಕಡಿಯ ಮುಳ್ಳು ವಾಲಿತು.
ಸೀಸ ಅರ್ಧ ಉದುರಿದೆ, ಹನ್ನೆರಡು ಗ್ರಾಂ ಕಮ್ಮಿ.
ಬಂದ ವಿದ್ಯೆ ಸುಮ್ಮನಿದ್ದೀತೆ?
ದಿನಕ್ಕೆ ನಲವತ್ತು ಕಿಲೊ ಎಂದರೆ, ಮುನ್ನೂರು ದಿನ ಎಂದರೆ,
ಮೊಬೈಲಿನಲ್ಲಿ ಗುಣಿಸಿ ಹೇಳಿಯೇಬಿಟ್ಟೆ:
ವರ್ಷಕ್ಕೆ ನೂರ ನಲವತ್ತನಾಲ್ಕು ಕಿಲೊ.

ಜವರಮ್ಮ ಜಗಿಯುವುದನ್ನು ನಿಲ್ಲಿಸಿದಳು.
"ಅಂಗಾರೆ ನಾ ಕದ್ದಿದ್ದು ಅಷ್ಟಾ ಮಗ?"

ಯಾವ ಸೆಮಿಸ್ಟರಿನಲ್ಲೂ
ಈ ಪ್ರಶ್ನೆಗೆ ಉತ್ತರ ಇರಲಿಲ್ಲ.
ಸ್ಟೌವಿನ ಕಡೆಯಿಂದ ತಿರುಗದೆಯೇ ಸಾಬರು ಕೇಳಿದರು:
"ಕೊಸರು ಹಾಕ್ತೀಯೋ ಇಲ್ವೋ?"
"ಆಕ್ದೆ ಇರ್ತೀನಾ? ಒಂದು ಗೆಡ್ಡೆ. ಸಣ್ಣವಾದ್ರೆ ಎರಡು."
"ಅದನ್ನೂ ಬರಕೋ, ಮಗಳೇ."

ಬರೆಯಲು ಹೋದೆ.
ಯಾರಿಗೆ ಒಂದು, ಯಾರಿಗೆ ಎರಡು,
ಕೇಳಿದವರಿಗೆಷ್ಟು, ಕೇಳಲು ನಾಚಿದವರಿಗೆಷ್ಟು,
ಕಂಕುಳಲ್ಲಿ ಕೂಸಿದ್ದವಳಿಗೆ ಬೊಗಸೆ ತುಂಬ ಹಾಕಿದ್ದು ಯಾವತ್ತು;
ಪೆನ್ನು ಕಚ್ಚುತ್ತ ಕೂತೆ.
ಅಷ್ಟರಲ್ಲಿ ಸೌಟಿನಿಂದ ಸೀಸ ಇಳಿಯಿತು,
ಕನ್ನಡಿಯಂತೆ ಹೊಳೆದು ಬೂದಿ ಬಣ್ಣಕ್ಕೆ ತಿರುಗಿತು.
ಉಳಿದದ್ದನ್ನು ಅರದಿಂದ ಉಜ್ಜಿ, ಮತ್ತೆ ತೂಗಿ, ಮತ್ತೆ ಉಜ್ಜಿದೆ.
ಮುಳ್ಳು ನೆಟ್ಟಗೆ ನಿಂತಿತು.
ಜವರಮ್ಮನ ಮುಖದಲ್ಲಿ ಮಾತ್ರ
ಹನ್ನೆರಡು ಗ್ರಾಂನಷ್ಟು ಏನೋ ಹಾಗೇ ಉಳಿಯಿತು.

ಕೊನೆಯ ದಿನ ಫಾರಂ ಚಾಚಿದೆ.
ನನ್ನ ಲೆಕ್ಕದಲ್ಲಿ ನೂರ ಮೂವತ್ತೊಂದು ಗಂಟೆ.
ಸಾಬರು ಕನ್ನಡಕ ಏರಿಸಿ ನೂರಿಪ್ಪತ್ತು ಎಂದು ಬರೆದರು.
"ಮತ್ತೆ ಹನ್ನೊಂದು?"
"ಬರೆದುಕೊಟ್ಟರೆ ಕೊಸರು ಹೇಗಾದೀತು?"

ಮಾರನೇ ದಿನ ಕಾಲೇಜಿನ ಆಫೀಸು ಫಾರಂ ವಾಪಸು ಕೊಟ್ಟಿತು,
ಸಂಸ್ಥೆಯ ಮೊಹರಿಲ್ಲ ಎಂದು.
ನಲವತ್ತು ವರ್ಷ ಊರಿನ ಬಟ್ಟುಗಳಿಗೆಲ್ಲ
ಮುದ್ರೆ ಬೀಳುವಂತೆ ಮಾಡಿದ ಅಂಗಡಿಗೆ
ತನ್ನದೆಂಬ ಒಂದು ಮೊಹರಿಲ್ಲ!
ಸಾಬರು ಗಲ್ಲ ಕೆರೆದುಕೊಂಡರು.
ಒಂದು ಹನಿ ಸೀಸ ಬಿಟ್ಟು, ತಟ್ಟಿ ಬಿಲ್ಲೆ ಮಾಡಿ,
ಲೈಸೆನ್ಸಿನ ನಂಬರು, ನಾಲ್ಕು, ಒಂದು,
ಉಳಿಯಿಂದ ಎರಡೇ ಏಟಿಗೆ ಹೊಡೆದು
ದಾರ ಪೋಣಿಸಿ ಫಾರಮ್ಮಿನ ಮೂಲೆಗೆ ಕಟ್ಟಿದರು.

ಮೇಡಂ ಎತ್ತಿಕೊಂಡಾಗ ಕಾಗದ ಒಂದು ಕಡೆಗೆ ವಾಲಿತು.
ಬಿಲ್ಲೆಯನ್ನು ಅಂಗೈಯಲ್ಲಿಟ್ಟು ಎರಡು ಸಲ ಕುಲುಕಿ ನೋಡಿದರು,
ಸಂತೆಯಲ್ಲಿ ನಿಂತವರ ಹಾಗೆ.
"ಎಷ್ಟಿದೆಯೇ ಇದು?"

ಏಳು ಗ್ರಾಂ, ಮೇಡಂ.
ನಾನೇ ತೂಗಿದ್ದು.