ಸುಣ್ಣದ ಗೆರಿ

ಹೆಲ್ಮೆಟ್ಟಿನಂಥ ಕನ್ನಡಕ ತಲಿಗೆ ಬಿಗಿದು
ಇಂಜಿನೀರು ಹುಡುಗಿ ನಸೀಮಾ ಅಂದ್ಲು:
“ಈಗ ಒಳಗ ಬರ್ರಿ, ಮೌನೇಶಪ್ಪ.”

ಒಳಗ ಅಂದ್ರ ಎಲ್ಲಿ?
ಮಾನ್ವಿ ಹೊರಗ ಇಪ್ಪತ್ತು ಮೂವತ್ತರ ಸೈಟು,
ನಾಲ್ಕು ಗೂಟ, ಸುಣ್ಣದ ಗೆರಿ, ಬಿರಿದ ಎರಿಮಣ್ಣು,
ಪಡುವಲಕ್ಕ ಒಂದು ಬೇವಿನ ಗಿಡ.
ಅರೆಗಳಿಗಿ ಹಿಂದ ಅಷ್ಟೇ ಇತ್ತು.

ಎದ್ದು ನಿಂತಿತ್ತು ನೋಡ್ರಿ ಮನಿ!
ಮೂವತ್ತೆರಡು ವರ್ಷ ಗೌಂಡಿಕಿ ಮಾಡೀನಿ,
ಪಾಯ ತೋಡದ, ಕರಣಿ ತಾಗದ
ಗೋಡಿ ಎದ್ದಿದ್ದು ಕಂಡಿದ್ದಿಲ್ಲ.
ಒರಗಾಕ ಹೋದೆ,
ಬೀಳೋದೊಂದು ಬಾಕಿ.

“ಮೇ ತಿಂಗಳು, ಮಧ್ಯಾಹ್ನ ಮೂರು” ಅಂತ
ಗಾಳಿಯೊಳಗ ಬೆರಳು ತಿರುವಿದ್ಲು.
ಪಡುವಲ ಗೋಡಿ
ಮೆಣಸಿನಕಾಯಿ ಹರವಿದ ಕಣ ಆತು,
ಕೆಂಪು ಹಬ್ಬಿ ಹಬ್ಬಿ
ಹುಡುಗ್ರು ಮಲಗೋ ಖೋಲಿಗೂ ಬಂತು.
ಬಣ್ಣ ಸುಡಾಂಗಿಲ್ಲ. ಆದ್ರೂ ನಾನು
ಕೈ ಹಿಂದಕ್ಕ ತಗೊಂಡೆ.

ನಕಾಶಿಯೊಳಗ ಬೇವು ಇದ್ದಿದ್ದಿಲ್ಲ.
ಅಲ್ಲಿ ಕಾರು ನಿಲ್ಲಿಸಬೇಕಂತ ಬರೆಸಿದ್ದ
ನರ್ಸು ಹುಲಿಗೆಮ್ಮನ ಗಂಡ.
“ಕಾರೆಲ್ಲೈತಿ? ಸೈಕಲ್ಲಿಗೆ ಗಾಳಿ ಇಲ್ಲ” ಅಂದ್ಲು ಆಕಿ.
ನಸೀಮಾ ಗಿಡ ತಂದು ನೆಟ್ಲು, ಬೇರು ಸಮೇತ,
ಕಡಿಯದ ಗಿಡದ ಜಾಗದಾಗ ಆ ಗಿಡ.
ಕೆಂಪು ಇಳಿದು ಹಸಿ ಹುಣಸಿ ಬಣ್ಣ.

ಆಮ್ಯಾಲೆ ಗೋಡಿ ಬದಲಿಸಿದ್ಲು:
ಶಕ್ತಿನಗರದ ಬೂದಿ ಇಟ್ಟಂಗಿ.
ಕರೆಂಟಿಗಂತ ಸುಟ್ಟ ಕಲ್ಲಿದ್ದಲಿನ ಬೂದಿ
ಕೂಲರಿನ ಕರೆಂಟು ಉಳಿಸಾಕ
ಸಾಲಾಗಿ ಕುಂತಿತ್ತು, ತಪ್ಪು ಮಾಡಿದ ಹುಡುಗನಂಗ.

“ಈ ಗಾಳಿ ಲೆಕ್ಕ ಎಲ್ಲೀದವ್ವ?” ಕೇಳಿದೆ.
“ದೂರದ ವಿಮಾನ ನಿಲ್ದಾಣದ್ದು.”
“ನಮ್ಮೂರಾಗ ವಿಮಾನ ಇಲ್ಲ, ಗುಡ್ಡ ಐತಿ.
ಕಾರಹುಣ್ಣಿವಿ ದಾಟಿದ್ರ ಗಾಳಿ ಅದನ್ನ ಬಳಸಿ
ಈ ಮೂಲಿಗೆ ಬಂದು ಹೊಡೀತೈತಿ.
ಕಿಟಕಿ ಎರಡು ಗೇಣು ತೆಂಕಲಕ್ಕ ಸರಿಸು.
ಮಾಳಿಗಿ ಮ್ಯಾಲೆ ಮಲಗಿದವ್ರನ್ನ ಕೇಳು,
ಯಾವ ಮಗ್ಗುಲಿಗೆ ಹೊದಿಕಿ ಹಾರತಿತ್ತಂತ.”

ಆಕಿ ನಗಲಿಲ್ಲ. ಗುಡ್ಡ ಕೂಡಿಸಿದ್ಲು,
ಕಿಟಕಿ ಚಿವುಟಿ ಸರಿಸಿದ್ಲು.
ಮೂಲ್ಯಾಗಿನ ಅಂಕಿ ಇಳೀತು, ಒಂದೂವರಿ ಡಿಗ್ರಿ.
ನಮ್ಮಪ್ಪ ಗೋಡಿಗೆ ಅಂಗೈ ಹಚ್ಚಿ ಹೇಳತಿದ್ದ,
“ಇದು ರಾತ್ರಿ ನಿದ್ದಿ ಕೊಡಲ್ಲ.”
ಆ ಅಂಗೈಯಾಗ ಅಂಕಿ ಇದ್ದಿದ್ದಿಲ್ಲ,
ಗುಳ್ಳಿ ಇದ್ವು.

ಕನ್ನಡಕ ತೆಗೆದೆ. ಬಿಸಲು. ಎರಿಮಣ್ಣು.
ಮೂಡಲ ಗೆರಿ ದಾಟೂವಾಗ
ನನ್ನ ಕುತ್ತಿಗಿ ತಾನೇ ಬಾಗಿತು.
ಎತ್ತರದ ಆಸಾಮಿ ನಾನು, ಚೌಕಟ್ಟಿನ ಹೆದರಿಕಿ ಹಳೇದು.

ಹಿಂದ ತಿರುಗಿ ನೋಡಿದ್ರ
ಹುಲಿಗೆಮ್ಮ ಕನ್ನಡಕ ಹಾಕ್ಕೊಂಡಾಳ.
ಯಾವಾಗ ಬಿಟ್ಟಿದ್ದಳೋ, ಚಪ್ಪಲಿ
ಸುಣ್ಣದ ಗೆರಿ ಹೊರಗ ಅದಾವ.
ಕಾದ ನೆಲದ ಮ್ಯಾಲೆ ಕಾಲು ಎತ್ತಿ ಎತ್ತಿ ಇಡುತ
ಅಡಿಗಿಮನಿ ಹುಡುಕಾಕ ಹತ್ಯಾಳ.